ನನ್ನ ಫೋನಿನ ಹೊಸ ಪಿನ್

ಸ್ನೇಹಿತರೇ, ಮಗಳ ಕಾರ್ಟೂನ್ ಹುಚ್ಚು ಬಿಡಿಸಲು ಇವತ್ತು ಬೆಳಗ್ಗೆ ಎದ್ದ ತಕ್ಷಣ ಫೋನಿನ ಪಿನ್ ಬದಲಾಯಿಸಿದೆ. ಅವಳ ಕಣ್ಣು ಹಾಳಾಗುತ್ತದೆಂಬ ಚಿಂತೆಯಲ್ಲಿ ನಾಲ್ಕು ದಿನದಿಂದ ನನಗೆ ನಿದ್ದೆಯಿಲ್ಲ.

ಹತ್ತು ಗಂಟೆಗೆ ಮಾವ ಓಡಿಬಂದರು. "ಮೋಟ್ರು ಆಪ್ ಮಾಡವ್ವ! ಒಟ್ಲು ತುಂಬಿ ಬಿತ್ನೆ ಬತ್ತ ತೇಲ್ಕಂಡು ಓಯ್ತಾ ಅದೆಯಂತೆ!"

ನಿನ್ನೆಯಷ್ಟೇ ಒಟ್ಲಿಗೆ, ಅಂದರೆ ಸಸಿಮಡಿಗೆ, ಚೆಲ್ಲಿದ ಮೊಳಕೆ ಭತ್ತ ಅದು. ದೂರದ ಹೆಮ್ಮಿಗೆಯ ನಮ್ಮ ಗದ್ದೆಯ ಮೋಟಾರು ನಿಲ್ಲಿಸುವ ಆ್ಯಪ್ ಇರುವುದು ನನ್ನ ಫೋನಿನಲ್ಲಿ. ಪಿನ್ ಒತ್ತಿದೆ, ತಪ್ಪು. ಮತ್ತೆ ಒತ್ತಿದೆ, ಮತ್ತೆ ತಪ್ಪು. ನಿದ್ದೆಗಣ್ಣಲ್ಲಿ ಏನಿಟ್ಟಿದ್ದೆನೋ!

"ಡಿಗ್ರಿ ಓದಿರೋಳು, ಎಂಗವ್ವ ಮರ್ತೆ?" ಮಾವ ತಲೆ ಮೇಲೆ ಕೈ ಹೊತ್ತರು.

ಆರು ವರ್ಷದ ಮಗಳು ದೋಸೆ ತಿಂದ ಕೈಯನ್ನು ಲಂಗಕ್ಕೆ ಒರೆಸಿಕೊಂಡು ಬಂದಳು. "ಕೊಡಮ್ಮ ಇಲ್ಲಿ" ಎಂದು ನಾಲ್ಕು ಅಂಕಿ ಒತ್ತಿದಳು. ಫೋನ್ ತೆರೆಯಿತು. ಮೋಟಾರು ನಿಂತಿತು.

"ನಿಂಗೆ ಹೆಂಗೇ ಗೊತ್ತಾಯ್ತು?"

"ಬೆಳಗ್ಗೆ ನೀನು ಒತ್ತುವಾಗ ಬಾಯಲ್ಲಿ ಜೋರಾಗಿ ಹೇಳ್ಕೋತಿದ್ಯಲ್ಲ!"

ಮಾವ ಅವಳನ್ನು ಎತ್ತಿಕೊಂಡು, "ಇನ್ಮೇಕೆ ಪೋನು ಇವ್ಳ ತಾವೇ ಇರ್ಲಿ ಕಣವ್ವ" ಎಂದು ತೀರ್ಪು ಕೊಟ್ಟರು.

ಮಕ್ಕಳ ಕೈಗೆ ಫೋನ್ ಕೊಡಬೇಡಿ ಎನ್ನುವ ತಜ್ಞರೇ, ನಿಮ್ಮ ಗದ್ದೆಯ ಮೋಟಾರು ಆಫ್ ಮಾಡುವವರು ಯಾರು?