ಮೋಟಾರ್ ಸೈಕಲ್ಲಿಗೆ ಬಡಿದ ಕಾಯಿ

ಮಿರ್ಲೆಯ ಗೆಳತಿಯರೇ, ಇವತ್ತು ಸೋಮವಾರ, ಉಪವಾಸ. ಕೊಟ್ಟಿಗೆ ಬಳಿದು, ಪೂಜೆ ಮುಗಿಸಿ, ನಿಮ್ಮೂರ ಭಜನೆಗೆ ಹೊರಟು ನಿಂತಿದ್ದೆ. ನಮ್ಮ ಮನೆಯವರು ಕೊಡಗಿನ ತೋಟದವರಿಂದ ಕೊಂಡ ಹಳೇ ಮೋಟಾರ್ ಸೈಕಲ್ಲನ್ನು ಹುಣಸೂರಿನ ಮೇಸ್ತ್ರಿ ಇಸ್ಮಾಯಿಲ್ ತಿಂಗಳುಗಟ್ಟಲೆ ಬಿಚ್ಚಿ ಜೋಡಿಸಿ, ಬೆಳಿಗ್ಗೆಯಷ್ಟೇ ಓಡುವ ಹಾಗೆ ಮಾಡಿದ್ದ. ಅದರಲ್ಲೇ ಬರುವುದೆಂದಿತ್ತು.

"ಮೊದ್ಲು ಕಾಯಿ ಒಡೀಬೇಕು," ಅಂದರು ಇವರು.

"ಕಲ್ಲಿಗೆ ಒಡೀರಿ ಗೌಡ್ರೇ," ಅಂದ ಮೇಸ್ತ್ರಿ.

"ಗಾಡಿಗೆ ಕಬ್ಬುಣದ ಮ್ಯಾಲೇ ಒಡೆಯಾದು ಕಣಪ್ಪ. ನಮ್ಮಪ್ಪನ ಕಾಲದಿಂದ್ಲೂ ಅಂಗೇ."

ಎತ್ತಿನ ಗಾಡಿಯ ಚಕ್ರಕ್ಕೆ ಬಡಿಯುವ ರಭಸದಲ್ಲೇ ಇಂಜಿನ್ನಿಗೆ ಬಡಿದರು. ಕಾಯಿ ಒಡೆಯಲಿಲ್ಲ. ಇಂಜಿನ್ನಿನ ಮುಚ್ಚಳ ಬಿರಿದು ಎಣ್ಣೆ ಸುರಿಯಿತು.

ಮೇಸ್ತ್ರಿ ಅಲ್ಲೇ ಕುಕ್ಕರಿಸಿದ. "ಅಮ್ಮಾ, ಗಾಡಿ ಇನ್ನೊಂದ್ಸಲ ಮಾಡ್ತೀನಿ. ಇವ್ರನ್ನ ರಿಪೇರಿ ಮಾಡೋಕೆ ನನ್ ಕೈಲಿ ಆಗಲ್ಲ."

"ಮದ್ವೆ ಆದಾಗ್ನಿಂದ ನಾನೂ ಮಾಡಿ ನೋಡ್ತಾ ಇವ್ನಿ, ಬುಡಪ್ಪ," ಅಂದೆ.

ನನ್ನ ಪೂಜೆ ಈಶ್ವರನಿಗೆ ಸಂದಿತೋ ಇಲ್ಲವೋ, ಕಾಯಿಯನ್ನಂತೂ ಇಡಿಯಾಗಿ ಹಿಂದಿರುಗಿಸಿದ್ದಾನೆ. ಯಾವಾಗ ಬರುತ್ತೀಯೆಂದು ಕೇಳಿದ್ದಿರಲ್ಲ, ಅದರ ಉತ್ತರ ಒಯ್ಯಲು ಯಾರನ್ನಾದರೂ ಎತ್ತಿನ ಗಾಡಿ ಕೊಟ್ಟು ಕಳಿಸಿ. ಉತ್ತರದ ಜೊತೆ ನಾನೂ ಹತ್ತಿಕೊಳ್ಳುತ್ತೇನೆ.