ಕೆಂಪು ಎಣ್ಣೆ, ರೇಣುಕವ್ವನ ಹೆಸರು

ಆಟೋಮ್ಯಾಟಿಕ್ ಕಾರಿಗೆ ಗೇರೇ ಇರುವುದಿಲ್ಲ ಎಂದು ನಾನು ಇಪ್ಪತ್ತೊಂಬತ್ತನೇ ವಯಸ್ಸಿನವರೆಗೂ ನಂಬಿದ್ದೆ. ಎಡಗಾಲಿಗೆ ಕೆಲಸವಿಲ್ಲ, ಎಡಗೈಗೆ ಕೆಲಸವಿಲ್ಲ, ಅಂದಮೇಲೆ ಒಳಗೆ ಗೇರು ಯಾಕಿರಬೇಕು? ಮಿಕ್ಸಿಯ ಹಾಗೆ ಗುಂಡಿ ತಿರುಗಿಸಿದರೆ ಓಡುತ್ತದೆ ಅಂದುಕೊಂಡಿದ್ದೆ. ಈ ಜ್ಞಾನವನ್ನು ನನ್ನಲ್ಲೇ ಇಟ್ಟುಕೊಂಡಿದ್ದರೆ ಯಾರಿಗೂ ನಷ್ಟವಿರಲಿಲ್ಲ. ಆದರೆ ಸೆಕೆಂಡ್ ಹ್ಯಾಂಡ್ ಕಾರು ಕೊಂಡು ಎಂಟು ತಿಂಗಳಾದ ಮೇಲೆ, ಜೆ.ಪಿ. ನಗರದ ನಮ್ಮ ಅಪಾರ್ಟ್‌ಮೆಂಟಿನ ಹಿಂದಿನ ರಸ್ತೆಯ ಗ್ಯಾರೇಜಿಗೆ ಸರ್ವಿಸ್‌ಗೆ ಬಿಡಲು ಹೋದೆ. ಮೆಕ್ಯಾನಿಕ್ ಸೋಮನಾಥ್ ಬಾನೆಟ್ ಎತ್ತಿ, "ಸಾರ್, ಗೇರ್ ಆಯಿಲ್ ಹಳೇದಾಗಿದೆ, ಚೇಂಜ್ ಮಾಡ್ಬಿಡ್ತೀನಿ" ಅಂದರು. ನಾನು ಮಹಾ ಜಾಣನಂತೆ ನಕ್ಕೆ.

"ನನ್ನ ಹತ್ರಾನೇ ನಿಮ್ ಆಟ ಬೇಡ ಗುರು. ಇದು ಆಟೋಮ್ಯಾಟಿಕ್. ಗೇರೇ ಇಲ್ದಿರೋ ಗಾಡಿಗೆ ಯಾವ ಗೇರ್ ಆಯಿಲ್?"

ಸೋಮನಾಥ್ ನಗಲಿಲ್ಲ. ಹಬ್ಬದ ಹಿಂದಿನ ದಿನ ಕುರಿಯೇ ವಿಳಾಸ ಹುಡುಕಿಕೊಂಡು ಮಟನ್ ಅಂಗಡಿಗೆ ಬಂದರೆ ಅಂಗಡಿಯವನು ಹೇಗೆ ನೋಡಬಹುದೋ ಹಾಗೆ ಒಮ್ಮೆ ನೋಡಿ, "ಬಿಡಿ ಸಾರ್, ನಾನ್ ನೋಡ್ಕೋತೀನಿ" ಅಂದರು. ನೋಡಿಕೊಂಡರು. ಅದರ ಪೆಟ್ಟು ಬಿದ್ದದ್ದು ಮಾತ್ರ ರೇಣುಕವ್ವನಿಗೆ.

ರೇಣುಕವ್ವ ನಮ್ಮ ಮನೆಯಲ್ಲದೆ ಅಪಾರ್ಟ್‌ಮೆಂಟಿನ ಇನ್ನೂ ಆರು ಮನೆಗಳ ಆಕ್ಟಿಂಗ್ ಡ್ರೈವರ್. ಯಾವ ಮನೆಯ ಸಂಬಳದ ಕೆಲಸದವರೂ ಅಲ್ಲ. ಬೇಕಾದ ದಿನ ಫೋನ್ ಮಾಡಿದರೆ ಬಿಟಿಎಂ ಲೇಔಟಿನ ಬಾಡಿಗೆ ಮನೆಯಿಂದ ಬಸ್ಸು ಹತ್ತಿ ಬಂದು, ನಮ್ಮ ಕಾರು ಓಡಿಸಿ, ಕೀ ಕೊಟ್ಟು ಹೋಗುವವರು. ನನ್ನ ಬಳಿ ಲೈಸೆನ್ಸ್ ಇದೆ, ಧೈರ್ಯ ಇಲ್ಲ. ಹಾಗಾಗಿ ಕಾರು ನನ್ನದು, ಓಡಿಸುವುದು ಅವರು, ಹಿಂದೆ ಕೂತು ಸಲಹೆ ಕೊಡುವುದು ಮತ್ತೆ ನಾನು.

ಅವರ ಊರು ರೋಣದ ಕಡೆ. ಹದಿನೈದು ವರ್ಷದ ಹಿಂದೆ ಗಂಡನ ಜೊತೆ ಬೆಂಗಳೂರಿಗೆ ಬಂದು ಜಯನಗರದ ಒಂದು ಮನೆಯಲ್ಲಿ ಅಡುಗೆಗೆ ಸೇರಿದ್ದರು. ಆ ಮನೆಯ ನಿವೃತ್ತ ಮೇಷ್ಟರಿಗೆ ಕಣ್ಣು ಮಂಜಾಗುತ್ತಾ ಬಂದಾಗ, ರೊಟ್ಟಿ ಬಡಿಯುತ್ತಿದ್ದ ರೇಣುಕವ್ವನ ಕೈಗೆ ಸ್ಟೇರಿಂಗ್ ಕೊಟ್ಟು ತಾವೇ ಕಲಿಸಿದರಂತೆ. ಮೇಷ್ಟರ ಪರೀಕ್ಷೆ ಒಂದೇ: ಅವರು ಹಿಂದಿನ ಸೀಟಿನಲ್ಲಿ ಮಲಗುವರು. ಮನೆ ಬರುವ ಮೊದಲೇ ಎಚ್ಚರವಾದರೆ ಫೇಲು. "ನಾಕು ತಿಂಗಳು ಫೇಲಾದೆ ನೋಡ್ರಿ ಸರ. ಐದನೇದಕ್ಕ ಗೊರಕಿ ಹೊಡದ್ರು" ಎಂದು ಅವರು ಹೇಳುವಾಗ ಮುಖದಲ್ಲಿ ರ‍್ಯಾಂಕ್ ಬಂದವರ ಠೀವಿ. ನಮ್ಮ ಮೊದಲ ಮಹಡಿಯ ವಾರಿಜಾ ಆಂಟಿ ಮಂಡಿ ಆಪರೇಷನ್ ಆದ ಮೇಲೆ ಬೇರೆ ಯಾರ ಕಾರೂ ಹತ್ತುತ್ತಿರಲಿಲ್ಲ. ಹಳ್ಳ ಬಂದರೆ ರೇಣುಕವ್ವನಿಗೆ ಮೊದಲೇ ಗೊತ್ತಿರುತ್ತದೆ ಎನ್ನುವುದು ಅವರ ನಂಬಿಕೆ.

ಎಣ್ಣೆ ಬದಲಾಯಿಸಿದ ಮರುದಿನವೇ ರೇಣುಕವ್ವ ಕೀ ಕೊಡುವಾಗ ಹೇಳಿದರು: "ಸರ, ಗಾಡಿ ನಡಗಾಕತ್ತೈತಿ. ನಿನ್ನೆ ಮಟ ಹಿಂಗಿರಲಿಲ್ಲ. ಗೇರಿನ ಎಣ್ಣಿ ಬದಲಿ ಮಾಡಿದ ಮ್ಯಾಲೆನ ಆಗೇತಿ."

ನಾನು ಸೋಮನಾಥ್‌ಗೆ ಫೋನ್ ಮಾಡಿದೆ. "ಹೊಸಾ ಆಯಿಲ್ ಸಾರ್, ಓಡ್ಸ್ತಾ ಓಡ್ಸ್ತಾ ಸೆಟ್ ಆಗುತ್ತೆ" ಅಂದರು. ನಾನು ಅದೇ ಮಾತನ್ನು ನನ್ನ ಸ್ವಂತ ಸಂಶೋಧನೆಯಂತೆ ರೇಣುಕವ್ವನಿಗೆ ಒಪ್ಪಿಸಿದೆ.

ಸೆಟ್ ಆಗಲಿಲ್ಲ. ಎರಡು ವಾರಕ್ಕೆ ಶ್ರೀನಗರದಲ್ಲಿರುವ ದೊಡ್ಡಮ್ಮನ ಮನೆಗೆ ಅಮ್ಮನನ್ನು ಕರೆದುಕೊಂಡು ಹೊರಟಿದ್ದೆವು. ದಾರಿಯಲ್ಲಿ ಒಂದು ಏರಿನ ಅರ್ಧಕ್ಕೆ ಬಂದಾಗ ಇಂಜಿನ್ ಕಿರುಚಿಕೊಳ್ಳುತ್ತಿತ್ತು, ಗಾಡಿ ಮೇಲೇರುತ್ತಿರಲಿಲ್ಲ. ಹಿಂದೆ ಆಟೋ, ಬೈಕು, ಒಂದು ನೀರಿನ ಟ್ಯಾಂಕರು. ಎಲ್ಲರ ಹಾರನ್ನು ನಮ್ಮ ಬೆನ್ನಿಗೇ. ರೇಣುಕವ್ವ ಗಾಡಿಯನ್ನು ಇಂಚಿಂಚಾಗಿ ಹಿಂದಕ್ಕೆ ಇಳಿಸಿ ಪಕ್ಕಕ್ಕೆ ನಿಲ್ಲಿಸಿದರು. ಅಮ್ಮ ಆಟೋದಲ್ಲಿ ಹೋದಳು. ಕಾರು ಹಗ್ಗ ಕಟ್ಟಿಸಿಕೊಂಡು ಸೋಮನಾಥ್ ಗ್ಯಾರೇಜಿಗೆ ಹೋಯಿತು.

ಸೋಮನಾಥ್ ಬಾನೆಟ್ ಕೂಡ ಎತ್ತಲಿಲ್ಲ. "ಗಾಡಿ ಯಾರ್ ಸಾರ್ ಓಡ್ಸೋದು?"

"ರೇಣುಕವ್ವ ಅಂತ. ಡ್ರೈವರ್."

"ಲೇಡೀಸಾ? ಅಲ್ಲೇ ಆಗಿರೋದು ನೋಡಿ. ಒಂದ್ ಕಾಲು ಬ್ರೇಕ್ ಮೇಲೆ, ಇನ್ನೊಂದು ಆಕ್ಸಿಲರೇಟರ್ ಮೇಲೆ. ಗೇರ್‌ಬಾಕ್ಸ್ ಹೆಂಗ್ ತಡ್ಕೊಳುತ್ತೆ ಹೇಳಿ?"

ನಾನು ಇನ್ಶೂರೆನ್ಸ್ ಕಂಪನಿಯಲ್ಲಿ ಕ್ಲೇಮು ಪರಿಶೀಲಿಸುವವನು. ಜ್ವರ ಬಂದು ಆಸ್ಪತ್ರೆಗೆ ಸೇರಿದವರಿಂದಲೂ ಜ್ವರಕ್ಕೆ ದಾಖಲೆ ಕೇಳುವುದು ನನ್ನ ಹೊಟ್ಟೆಪಾಡು. ಅಂಥ ನಾನು ಸೋಮನಾಥ್‌ನಿಂದ ಒಂದು ಚೀಟಿಯನ್ನೂ ಕೇಳಲಿಲ್ಲ. ಹೊಸ ಗೇರ್‌ಬಾಕ್ಸ್ ಹಾಕಿಸಬೇಕಾದೀತು ಅಂದಾಗ ತಲೆ ಕೆಟ್ಟುಹೋಯಿತು. ಅಲ್ಲೇ ನಿಂತು ಅಪಾರ್ಟ್‌ಮೆಂಟಿನ ವಾಟ್ಸ್ಯಾಪ್ ಗುಂಪಿಗೆ ಬರೆದೆ: "ಡ್ರೈವರ್ ರೇಣುಕವ್ವ ಬಗ್ಗೆ ಎಚ್ಚರಿಕೆ. ತಪ್ಪಾಗಿ ಓಡಿಸಿ ನನ್ನ ಕಾರಿನ ಗೇರ್‌ಬಾಕ್ಸ್ ಹಾಳು ಮಾಡಿದ್ದಾರೆ. ಮೆಕ್ಯಾನಿಕ್ ಕನ್ಫರ್ಮ್ ಮಾಡಿದ್ದಾರೆ." ಬೇರೆ ಯಾವ ರೇಣುಕವ್ವನ ಮೇಲೂ ಅನುಮಾನ ಬರಬಾರದೆಂದು ಅವರ ಫೋನ್ ನಂಬರನ್ನೂ ಕೆಳಗೆ ಅಂಟಿಸಿದೆ.

ಸಂಜೆಯೊಳಗೆ ಹನ್ನೊಂದು ಥಂಬ್ಸ್ ಅಪ್ ಬಂದವು. ಮರುದಿನದ ಹೊತ್ತಿಗೆ ಆ ಆರು ಮನೆಗಳಲ್ಲಿ ಐದು ರೇಣುಕವ್ವನಿಗೆ ಬರಬೇಡಿ ಎಂದಿದ್ದವು. ವಾರಿಜಾ ಆಂಟಿ ಮಾತ್ರ ಕರೆಯುತ್ತಿದ್ದರು. ಅವರು ಆ ಗುಂಪಿನಲ್ಲೇ ಇರಲಿಲ್ಲ.

ಶನಿವಾರ ಬೆಳಗ್ಗೆ ಬೆಲ್ ಆಯಿತು. ರೇಣುಕವ್ವ. ಒಳಗೆ ಬನ್ನಿ ಅಂದರೂ ಚಪ್ಪಲಿ ಬಿಡಲಿಲ್ಲ.

"ಸರ, ನಾ ಯಾರ ಗಾಡಿ ಕೆಡಿಸೀನ್ರಿ?"

"ಅದು... ಮೆಕ್ಯಾನಿಕ್ ಹೇಳಿದ್ರು ಅಕ್ಕ..."

"ನಾ ಗಾಡಿ ಓಡಸೂದು ಆತ ಯಾವತ್ತು ನೋಡ್ಯಾನ? ಹದಿನೈದು ದಿನದ ಹಿಂದ ನಾ ನಿಮಗ ಹೇಳಿಲ್ಲೇನು, ಎಣ್ಣಿ ಹಾಕಿದ ಮ್ಯಾಲೆ ಗಾಡಿ ನಡಗತೈತಿ ಅಂತ? ಹೇಳಿಲ್ಲೇನು?"

"ಹೇಳಿದ್ರಿ."

"ಹಂಗಾರ ಅಂಗಿ ಹಾಕ್ಕೊಂಡು ನಡೀರಿ."

ನಾನು ಬನಿಯನ್‌ನಲ್ಲಿದ್ದೆ. ಅಂಗಿ ಹಾಕಿಕೊಂಡು ನಡೆದೆ.

ಕರೆಗಳು ನಿಂತ ಆ ದಿನಗಳಲ್ಲಿ ಅವರು ನಾಲ್ಕಾರು ಡ್ರೈವರುಗಳನ್ನು ವಿಚಾರಿಸಿ, ಕೋಣನಕುಂಟೆಯ ಏಕಾಂತಯ್ಯ ಎಂಬುವರನ್ನು ಹುಡುಕಿಟ್ಟಿದ್ದರು. ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಬಿಟ್ಟರೆ ಬೇರೆ ಕೆಲಸ ಮುಟ್ಟದ ಮುದುಕರು. ಹೊಸ ಗೇರ್‌ಬಾಕ್ಸಿಗೆ ದುಡ್ಡು ಹೊಂದಿಸುವವರೆಗೆ ಎಂದು ನಾನು ಗ್ಯಾರೇಜಿನಿಂದ ತಳ್ಳಿಸಿ ತಂದು ನಿಲ್ಲಿಸಿದ್ದ ಕಾರನ್ನು ಸಮತಟ್ಟಾದ ರಸ್ತೆಯಲ್ಲೇ, ಆಮೆಯ ವೇಗದಲ್ಲಿ, ರೇಣುಕವ್ವನೇ ಅಲ್ಲಿಗೆ ಮುಟ್ಟಿಸಿದರು. ದಾರಿಯುದ್ದಕ್ಕೂ ನಾನು ಸಲಹೆ ಕೊಡಲಿಲ್ಲ.

ಏಕಾಂತಯ್ಯ ಕಾರಿನ ಕೆಳಗೆ ತೂರಿ, ನಟ್ಟು ಸಡಿಲಿಸಿ, ಬಿಳಿ ಪಿಂಗಾಣಿ ಬಟ್ಟಲಿಗೆ ಸ್ವಲ್ಪ ಎಣ್ಣೆ ಹಿಡಿದುಕೊಂಡು ಬಂದರು. ಬೀಟ್‌ರೂಟ್ ಬೇಯಿಸಿದ ನೀರಿನಂತೆ ಕೆಂಪಗಿತ್ತು. ಪಕ್ಕದಲ್ಲಿ ಒಂದು ಹೊಸ ಡಬ್ಬದ ಮುಚ್ಚಳ ತೆಗೆದು ಇನ್ನೊಂದು ಬಟ್ಟಲಿಗೆ ಸುರಿದರು. ಅದು ಹಸಿರು.

"ನಿಮ್ ಗಾಡಿಗೆ ಈ ಹಸಿರು ಬರ್ಬೇಕು. ಒಳಗಡೆ ಲೋಹದ ಬೆಲ್ಟ್ ಇರುತ್ತೆ, ಇದಿದ್ರೇನೇ ಅದು ಹಿಡ್ಕೊಳ್ಳೋದು. ಕೆಂಪು ಬೇರೆ ಥರದ ಆಟೋಮ್ಯಾಟಿಕ್‌ಗೆ. ಇದನ್ನ ಹಾಕಿದ್ರೆ ಬೆಲ್ಟ್ ಜಾರುತ್ತೆ, ಗಾಡಿ ನಡುಗುತ್ತೆ."

"ಓಡ್ಸೋರ ತಪ್ಪೇನಾದ್ರೂ..." ಎಂದು ನಾನು ಬಾಯಿ ತೆರೆದೆ.

"ದೇವ್ರೇ ಬಂದು ಓಡಿಸಿದ್ರೂ ನಡುಗುತ್ತೆ." ನನ್ನ ಡ್ಯಾಶ್‌ಬೋರ್ಡಿನ ಖಾನೆಯಿಂದ ಕಾರಿನ ಪುಸ್ತಕ ತೆಗೆದು, ಯಾವ ಎಣ್ಣೆ ಎಂದು ಬರೆದಿದ್ದ ಪುಟ ತೋರಿಸಿದರು. ಎಂಟು ತಿಂಗಳಿಂದ ಆ ಪುಸ್ತಕ ಪ್ಲಾಸ್ಟಿಕ್ ಕವರಿನಿಂದ ಹೊರಬಂದಿರಲಿಲ್ಲ.

ರೇಣುಕವ್ವ ತಮ್ಮ ನೀರಿನ ಬಾಟಲಿ ಖಾಲಿ ಮಾಡಿ, ಕೆಂಪು ಎಣ್ಣೆಯನ್ನು ಅದಕ್ಕೆ ತುಂಬಿಕೊಂಡರು. ಕಾರನ್ನು ಏಕಾಂತಯ್ಯನವರ ಬಳಿ ಬಿಟ್ಟು ಆಟೋದಲ್ಲಿ ನೇರ ಸೋಮನಾಥ್ ಗ್ಯಾರೇಜಿಗೆ. ಬಾಟಲಿಯನ್ನು ಮೇಜಿನ ಮೇಲೆ, ಸೋಮನಾಥ್ ಅವರ ಟೀ ಲೋಟದ ಪಕ್ಕದಲ್ಲೇ ಇಟ್ಟರು.

"ಇದು ಯಾವ ಎಣ್ಣಿರಿ?"

ಸೋಮನಾಥ್ ಬಾಟಲಿ ನೋಡಿದರು, ನನ್ನನ್ನು ನೋಡಿದರು. "ಗೇರ್ ಆಯಿಲಮ್ಮ. ಎಲ್ಲಾ ಒಂದೇ, ಕಲರ್ ಬೇರೆ ಅಷ್ಟೇ."

"ಎಲ್ಲಾ ಒಂದ ಇದ್ರ ನಾಳೆ ನಿಮ್ಮ ಮನ್ಯಾಗ ಒಗ್ಗರಣಿಗೆ ಇದನ್ನ ಹಾಕ್ರಿ, ನಾ ಊಟಕ್ಕ ಬರ್ತೇನಿ."

"ಏನಮ್ಮ, ಜೋರು ಮಾತಾಡ್ತೀಯಾ? ಅವತ್ತು ಹಸಿರು ಸ್ಟಾಕ್ ಇರ್ಲಿಲ್ಲ, ಇದಿತ್ತು, ಹಾಕ್ದೆ. ಈ ಸಾರೇ ಗಾಡಿಗೆ ಗೇರೇ ಇಲ್ಲ ಅಂದ್ರು. ಗೇರೇ ಇಲ್ಲ ಅನ್ನೋರಿಗೆ ಯಾವ ಆಯಿಲ್ ಆದ್ರೇನು?"

ಗ್ಯಾರೇಜಿನಲ್ಲಿ ಇದ್ದವರೆಲ್ಲ ನಕ್ಕರು. ರೇಣುಕವ್ವ ನಗಲಿಲ್ಲ. "ಸ್ಟಾಕ್ ಇರಲಿಲ್ಲಂತ ಅವತ್ತ ಹೇಳಬೇಕಿತ್ತು. ಹೆಣ್ಮಗಳು ಓಡಸ್ತಾಳ ಅಂತ ನನ್ನ ಮ್ಯಾಲೆ ಯಾಕ ಹಾಕಿದ್ರಿ? ನನ್ನ ಕಾಲು ಎಲ್ಲಿರತೈತಿ ಅಂತ ನೀವು ಬಗ್ಗಿ ನೋಡಿದ್ರೇನು?"

ಸೋಮನಾಥ್ ಕ್ಷಮೆ ಕೇಳಲಿಲ್ಲ. ಹಳೇ ಗಾಡಿ, ಹಂಗೇ ಇರುತ್ತೆ ಅಂತ ಗೊಣಗುತ್ತಾ ಒಂದು ಸ್ಕೂಟರಿನ ಹತ್ತಿರ ಹೋಗಿ ಬೆನ್ನು ತಿರುಗಿಸಿ ಕೂತರು. ಆ ಬೆನ್ನು ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ. ತಪ್ಪು ಎಣ್ಣೆ ಸುರಿದ ಕೈಯನ್ನು ರೇಣುಕವ್ವನ ಹೊರತು ಯಾರೂ ಪ್ರಶ್ನಿಸಲಿಲ್ಲ, ಅವನ ಗ್ಯಾರೇಜಿನ ಮುಂದೆ ಇವತ್ತೂ ಗಾಡಿಗಳ ಸಾಲಿದೆ. ನೆಟ್ಟಗೆ ಓಡಿಸಿದ ಕೈ ಬಾಟಲಿ ಹಿಡಿದು ಬೀದಿ ಸುತ್ತಬೇಕಾಯಿತು. ಅವನ ಮಾತಿಗೆ ಠಸ್ಸೆ ಒತ್ತಿದವನು ನಾನೇ ಆದ್ದರಿಂದ ಈ ಉರಿಯನ್ನು ಜೋರಾಗಿ ಹೇಳಿಕೊಳ್ಳುವ ಹಾಗೂ ಇಲ್ಲ.

ಹೊರಗೆ ಬಂದ ಮೇಲೆ ರೇಣುಕವ್ವ ಫೋನ್ ತೆಗೆಯಿರಿ ಅಂದರು. ನಾನು ಗುಂಪಿಗೆ ಬರೆದೆ: "ಕಾರಿನ ಸಮಸ್ಯೆ ಬಗೆಹರಿದಿದೆ. ಆಯಿಲ್ ವಿಚಾರದಲ್ಲಿ ಸಣ್ಣ ಗೊಂದಲವಾಗಿತ್ತು. ಎಲ್ಲರಿಗೂ ಧನ್ಯವಾದ."

"ಓದ್ರಿ."

ಓದಿದೆ.

"ನನ್ನ ಹೆಸರೆಲ್ಲೈತಿ ಇದರಾಗ? ಕೆಡಿಸ್ಯಾಳ ಅಂತ ಬರಿಯೂವಾಗ ಹೆಸರಿತ್ತು, ನಂಬರಿತ್ತು. ಈಗ ಗೊಂದಲಂತ. ಯಾರ ಗೊಂದಲರಿ?"

ರಸ್ತೆಯ ಮೇಲೆ ನಿಂತು ಮತ್ತೆ ಬರೆದೆ. "ರೇಣುಕವ್ವನದು ಯಾವ ತಪ್ಪೂ ಇಲ್ಲ. ಮೆಕ್ಯಾನಿಕ್ ತಪ್ಪು ಎಣ್ಣೆ ಹಾಕಿದ್ದರು. ವಿಚಾರಿಸದೆ ದೂರಿದ್ದು ನನ್ನ ತಪ್ಪು." ನಂಬರನ್ನೂ ಅಂಟಿಸಿದೆ. ಇದಕ್ಕೆ ಮೂರೇ ಥಂಬ್ಸ್ ಅಪ್ ಬಂದವು.

ಏಕಾಂತಯ್ಯ ಹಸಿರು ಎಣ್ಣೆ ಹಾಕಿ, ಓಡಿಸಿ, ಮತ್ತೊಮ್ಮೆ ಬದಲಾಯಿಸಿ ಕೊಟ್ಟರು. ನಡುಕ ನಿಂತಿದೆ, ಏರಿನಲ್ಲಿ ಸಣ್ಣಗೊಂದು ಸಿಳ್ಳೆ ಉಳಿದಿದೆ. ರೇಣುಕವ್ವನನ್ನು ಐದು ಮನೆಗಳಲ್ಲಿ ಮೂರು ಮತ್ತೆ ಕರೆಯಲಾರಂಭಿಸಿದವು. ಉಳಿದೆರಡು ಮನೆಯವರು, ಗಾಡಿ ಕೆಡಿಸಿದವರು ಅಂತ ಎಲ್ಲೋ ಓದಿದ ನೆನಪು ಅನ್ನುತ್ತಾರಂತೆ. ನಾನು ಫೋನ್ ಮಾಡಿದರೆ ಮಾತ್ರ ರೇಣುಕವ್ವ ಪ್ರತಿ ಸಲವೂ "ಇವತ್ತ ಆಗೂದಿಲ್ರಿ ಸರ" ಎನ್ನುತ್ತಿದ್ದರು.

ಹೋದ ವಾರ ಗೇಟಿನ ಬಳಿ ಸಿಕ್ಕರು. ವಾರಿಜಾ ಆಂಟಿಯನ್ನು ಮಂಡಿ ಮಡಚದಂತೆ ನಿಧಾನವಾಗಿ ಸೀಟಿಗೆ ಕೂರಿಸುತ್ತಿದ್ದರು. ಆಂಟಿಯ ಎದುರಿಗಾದರೂ ಒಪ್ಪಿಕೊಂಡಾರು ಎಂಬ ಆಸೆಯಿಂದ ಕೇಳಿಯೇಬಿಟ್ಟೆ.

"ಗಾಡಿ ಈಗ ಸರಿಹೋಗಿದೆ ಅಕ್ಕ. ಗುಂಪಲ್ಲೂ ಬರ್ದಿದೀನಿ. ಆದ್ರೂ ನಮ್ಮನೆಗೆ ಮಾತ್ರ ಯಾಕೆ ಬರ್ತಿಲ್ಲ?"

ರೇಣುಕವ್ವ ಬಾಗಿಲನ್ನು ಸದ್ದಾಗದಂತೆ ಮುಚ್ಚಿ, ಸುತ್ತಿ ಬಂದು ಡ್ರೈವರ್ ಸೀಟಿನಲ್ಲಿ ಕೂತು, ಗಾಜು ಇಳಿಸಿದರು.

"ನಾಳೆ ಮತ್ತ ಏನರ ಕೆಟ್ರ ನೀವು ಮೊದಲ ನನ್ನ ಹೆಸರ ಬರೀತೀರಿ. ಅದಕ್ಕ ಬರಂಗಿಲ್ಲ."