ಮಾವನ ಹೆಸರಿನೊಳಗಿದ್ದ ಮಾತು

ಬೆಳಗಿನ ಐದೂವರೆ. ಡರ್ಬನ್ ನಗರದಿಂದ ದೂರದ ಬೆಟ್ಟದೂರು ಎಂಟಬೆನಿಯ ಸಣ್ಣ ಆಸ್ಪತ್ರೆಯ ಅಂಗಳದಲ್ಲಿ ಹಲ್ಲಿನ ಬಸ್ಸು, ಎಂದರೆ ಊರೂರು ತಿರುಗುವ ದಂತ ಚಿಕಿತ್ಸಾಲಯ, ನಿಂತಿದೆ. ಹುಲ್ಲಿನ ಮೇಲೆ ಇಬ್ಬನಿ ಹೆಪ್ಪುಗಟ್ಟಿದೆ. ಬಸ್ಸಿನೊಳಗೆ ನೊಂಟೊಬೇಕೊ ಇಕ್ಕಳಗಳನ್ನು ತಟ್ಟೆಯಲ್ಲಿ ಜೋಡಿಸುತ್ತಾಳೆ, ಆಮೇಲೆ ಎರಡೂ ಕೈಗಳನ್ನು ಕಂಕುಳಲ್ಲಿ ಇಟ್ಟುಕೊಂಡು ಬೆಚ್ಚಗೆ ಮಾಡಿಕೊಳ್ಳುತ್ತಾಳೆ. ತಣ್ಣನೆಯ ಕೈ ಬಾಯಿಗೆ ಹೋದರೆ ಮಕ್ಕಳು ಬೆಚ್ಚುತ್ತಾರೆ.

ಹೊರಗಿನ ಬೆಂಚುಗಳಲ್ಲಿ ಆಗಲೇ ಇಪ್ಪತ್ತು ಜನ ಕಂಬಳಿ ಹೊದ್ದು ಕುಳಿತಿದ್ದಾರೆ. ಮುಂದೆ ಕುಳಿತ ದಪ್ಪನೆಯ ಹೆಂಗಸು ಕೂಗುತ್ತಾಳೆ: "ಬೇಗ ಶುರು ಮಾಡೇ ಮಾಕೋಜಾ! ರಾತ್ರಿಯೆಲ್ಲ ಈ ಹಲ್ಲು ನನ್ನ ಗಂಡನಿಗಿಂತ ಜಾಸ್ತಿ ಕಾಡ್ತು."

"ಹಲ್ಲಾದ್ರೆ ಕೀಳ್ತೀನಿ ಅಕ್ಕಾ. ಗಂಡಂದು ನಮ್ಮ ಪಠ್ಯದಲ್ಲಿಲ್ಲ."

ಗಂಡನ ಊರಿನಲ್ಲಿ ಎಲ್ಲರೂ ಆಕೆಯನ್ನು ಕರೆಯುವುದು ತವರಿನ ಮನೆತನದ ಹೆಸರಿನಿಂದ, ಮಾಕೋಜಾ ಎಂದು. ವಯಸ್ಸು ಮೂವತ್ತೇಳು. ಇದೇ ಆಸ್ಪತ್ರೆಯ ನೆಲವನ್ನು ಒಂಬತ್ತು ವರ್ಷ ಒರೆಸಿದವಳು. ಹಲ್ಲಿನ ಬಸ್ಸು ತಿಂಗಳಿಗೊಮ್ಮೆ ಬರುತ್ತಿತ್ತು, ಬಂದ ದಿನ ನಲವತ್ತು ಜನರನ್ನು ನೋಡಿ ಉಳಿದವರನ್ನು ವಾಪಸು ಕಳಿಸುತ್ತಿತ್ತು. ವಾಪಸಾದವರು ಕೆನ್ನೆ ಹಿಡಿದುಕೊಂಡು ಬೆಟ್ಟ ಹತ್ತುವುದನ್ನು ನೋಡಿ ನೋಡಿ, ಒಂದು ದಿನ ಡರ್ಬನ್ನಿನ ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕಿದಳು. ದಂತ ಚಿಕಿತ್ಸೆಯ ಪದವಿ, ಮೂರು ವರ್ಷ. ಹಲ್ಲು ತುಂಬುವುದು, ಶುಚಿ ಮಾಡುವುದು, ಕೀಳುವುದು. ಇಬ್ಬರು ಮಕ್ಕಳನ್ನು ಅತ್ತೆ ನೋಡಿಕೊಂಡರು. ಆಕೆ ನಗರದಲ್ಲಿ ಮೂವರೊಂದಿಗೆ ಒಂದು ಕೋಣೆ ಹಂಚಿಕೊಂಡು, ಹತ್ತೊಂಬತ್ತರ ಹುಡುಗಿಯರ ಪಕ್ಕ ಕುಳಿತು ಓದಿದಳು. "ಮೊದಲ ವಾರ ಅವರು ನನ್ನನ್ನು ಟೀಚರ್ ಅಂದ್ಕೊಂಡು ಎದ್ದು ನಿಂತಿದ್ರು" ಎಂದು ನಗುತ್ತಾಳೆ.

ಮೂರು ವರ್ಷ ನಾಲ್ಕಾಗಿದೆ. ಅದಕ್ಕೆ ಕಾರಣ ಒಂದು ಮಾತು.

ಇಲ್ಲಿ ಸೊಸೆಯಾದವಳು ಮಾವನ ಹೆಸರು ಹೇಳುವಂತಿಲ್ಲ. ಆ ಹೆಸರಿನೊಳಗೆ ಅಡಗಿರುವ ಮಾತನ್ನೂ ಆಡುವಂತಿಲ್ಲ. ನೊಂಟೊಬೇಕೊಳ ಮಾವ ವುಲಿಂಡ್ಲೇಲಾ, ಎಂದರೆ ದಾರಿ ತೆರೆಯುವವನು. ಅವರ ಭಾಷೆಯಲ್ಲಿ 'ವುಲಾ' ಎಂದರೆ ತೆರೆ. ಹಲ್ಲಿನವರು ದಿನಕ್ಕೆ ನೂರು ಸಲ ಹೇಳುವ ಮಾತು ಅದು. ಹೋದ ವರ್ಷದ ಅಂತಿಮ ಪರೀಕ್ಷೆಯಲ್ಲಿ ಕುರ್ಚಿಯ ಮೇಲಿದ್ದದ್ದು ಪೇಟೆಯ ಪುಟ್ಟ ಹುಡುಗಿ. ಅತ್ತೆಮನೆಯ ಹೆಂಗಸರು ಬಳಸುವ ಬದಲಿ ಮಾತನ್ನು ಆಕೆ ಮೂರು ಸಲ ಹೇಳಿದಳು. ಅರ್ಥವಾಗದೆ ಹುಡುಗಿ ಬಾಯಿ ಇನ್ನೂ ಬಿಗಿ ಮಾಡಿಕೊಂಡಳು. 'ರೋಗಿಗೆ ಸೂಚನೆ ಕೊಡಲು ಬರುವುದಿಲ್ಲ' ಎಂದು ಪರೀಕ್ಷಕರು ಬರೆದರು. ನಪಾಸು.

ಎಲ್ಲರೂ ಬಲ್ಲ ಇನ್ನೊಂದು ಮಾತೂ ಇದೆ, 'ಖಾಮಿಸಾ', ಬಾಯಿ ಅಗಲಿಸು ಎಂದು. "ಹೊರಗೆ ಬಂದ ಮೇಲೆ ಹತ್ತು ಸಲ ನೆನಪಾಯ್ತು. ಗಾಬರೀಲಿ ಮನೆ ಮಾತೇ ಬಂತು." ಆಮೇಲೆ ವರ್ಷವಿಡೀ ಕನ್ನಡಿ ಮುಂದೆ ಖಾಮಿಸಾ, ಖಾಮಿಸಾ ಎಂದು ಅಭ್ಯಾಸ ಮಾಡಿದ್ದಾಳೆ. ಇಂದು ಮರುಪರೀಕ್ಷೆ. ಇದೇ ಕೊನೆಯ ಅವಕಾಶ.

ಪರೀಕ್ಷಕಿ ಡಾ. ಗೋವೆಂಡರ್ ಪೆನ್ನು ಹಿಡಿದು ಮೂಲೆಯಲ್ಲಿ ಕೂರುತ್ತಾರೆ. "ಐದನೇ ರೋಗಿ ನಿಮ್ಮ ಪರೀಕ್ಷೆ. ಹೆಸರು ಹಿಡಿದು ಕರೆಯಿರಿ."

ನಾಲ್ವರು ಮುಗಿದ ಮೇಲೆ ನೊಂಟೊಬೇಕೊ ಐದನೆಯ ಕಾರ್ಡು ನೋಡುತ್ತಾಳೆ. ಬಾಗಿಲಿಗೆ ಹೋಗುತ್ತಾಳೆ. ಬಾಯಿ ತೆರೆಯುವುದಿಲ್ಲ.

ಬೆಂಚಿನ ತುದಿಯಲ್ಲಿ, ಕೆನ್ನೆ ಬಾತು, ಟೋಪಿ ಮೊಣಕಾಲ ಮೇಲಿಟ್ಟುಕೊಂಡು ಮಾವ ಕುಳಿತಿದ್ದಾರೆ.

ಹೆಂಗಸರಿಗೆ ತಕ್ಷಣ ಗೊತ್ತಾಗುತ್ತದೆ. "ಅಯ್ಯೋ, ಮಾವನ್ನೇ ಕರೀಬೇಕಲ್ಲೇ!" ಒಬ್ಬಳು ನಗುತ್ತಾಳೆ, ಇನ್ನೊಬ್ಬಳು ಅವಳ ತೊಡೆ ಚಿವುಟಿ ಸುಮ್ಮನಿರಿಸುತ್ತಾಳೆ.

"ಕಷ್ಟವಾದರೆ ಬೇರೆ ಕಾರ್ಡು ತಗೊಳ್ಳಿ" ಎನ್ನುತ್ತಾರೆ ಡಾ. ಗೋವೆಂಡರ್. ಆಕೆಯ ಕೈ ಇನ್ನೊಂದು ಕಾರ್ಡಿಗೆ ಹೋಗುವಷ್ಟರಲ್ಲಿ ಮುದುಕರು ಎದ್ದು, ಮೆಟ್ಟಿಲು ಹತ್ತಿ ಬಂದು ಕುರ್ಚಿಯಲ್ಲಿ ಒರಗಿಬಿಟ್ಟಿದ್ದಾರೆ.

"ಎರಡು ಗಂಟೆ ನಡೆದಿದೀನಿ. ಬೇರೆಯವರ ಕೈಗೆ ಬಾಯಿ ಕೊಡಲ್ಲ."

"ಬಾಬಾ..." ಆಕೆ ನೆಲ ನೋಡುತ್ತಾಳೆ.

"ನಿನ್ನತ್ತೆ ಹೇಳಿದ್ಲು. ನನ್ನ ಹೆಸರಿಂದ ನಿನಗೆ ಒಂದು ವರ್ಷ ಹೋಯ್ತಂತೆ. ಮೊದಲೇ ಹೇಳೋಕಾಗ್ತಿರ್ಲಿಲ್ವಾ? ಕರಿ, ಮಗಳೇ. ನನ್ನ ಹೆಸರಿಗೇನೂ ನೋವಿಲ್ಲ, ನೋಯ್ತಿರೋದು ಹಲ್ಲು."

ಹದಿನಾರು ವರ್ಷದಲ್ಲಿ ಮೊದಲ ಬಾರಿಗೆ ನೊಂಟೊಬೇಕೊ ಆ ಹೆಸರು ಹೇಳುತ್ತಾಳೆ, ಪೂರ್ತಿ. ಮಾವ ಕೈ ಎತ್ತಿ ಹೌದೆನ್ನುತ್ತಾರೆ. ಆಕೆ ಖಾಮಿಸಾ ಎನ್ನುವುದಿಲ್ಲ.

"ವುಲಾ, ಬಾಬಾ."

ಅವರು ಬಾಯಿ ತೆರೆಯುತ್ತಾರೆ. ಕೆಳಗಿನ ದವಡೆ, ಒಳಗೆ ಪೂರಾ ಕೊಳೆತ ಹಲ್ಲು. ಮರಗಟ್ಟಿಸುವ ಚುಚ್ಚುಮದ್ದು ಕೊಟ್ಟು, ಕಾದು, ಒಸಡು ಬಿಡಿಸಿ, ನಿಧಾನಕ್ಕೆ ಅಲುಗಿಸಿ ಕೀಳಲು ಹನ್ನೊಂದು ನಿಮಿಷ. ಬೇರು ಮುರಿದಿಲ್ಲ. ಡಾ. ಗೋವೆಂಡರ್ ಹಲ್ಲನ್ನು ಬೆಳಕಿಗೆ ಹಿಡಿದು ನೋಡುತ್ತಾರೆ. ಬರೆಯುತ್ತಾರೆ. ಹಾಳೆಯನ್ನು ಆಕೆಯತ್ತ ತಿರುಗಿಸುತ್ತಾರೆ. ಪಾಸು.

ನೊಂಟೊಬೇಕೊ ಬಾಗಿಲ ಚೌಕಟ್ಟಿಗೆ ಒರಗಿ ಒಂದು ಉದ್ದ ಉಸಿರು ಬಿಡುತ್ತಾಳೆ. ಹೊರಗೆ ಹೆಂಗಸರು ನಾಲಿಗೆ ಹೊರಳಿಸಿ ಹೋ ಎಂದು ಕೂಗೆಬ್ಬಿಸುತ್ತಾರೆ. ಇನ್ನೂ ಮೂವತ್ತೈದು ಜನ ಕಾಯುತ್ತಿದ್ದಾರೆ.

ಇನ್ನು ಮನೆಯಲ್ಲೂ ಮಾವನ ಹೆಸರು ಹೇಳುತ್ತಾಳೆಯೇ? "ಛೆ, ಬಿಡಿ! ಮನೇಲಿ ನಾನು ಸೊಸೆ. ಈ ಬಸ್ಸಲ್ಲಿ ಕೆಲಸ ಸಿಕ್ರೆ ಸಾಕು, ಇನ್ನೇನೂ ಕೇಳಲ್ಲ." ಆಮೇಲೆ ಗದ್ದದಿಂದ ಅಂಗಳದತ್ತ ತೋರಿಸುತ್ತಾಳೆ. ಮಾವ ಹತ್ತಿ ಕಚ್ಚಿಕೊಂಡು, ನೆಟ್ಟಗೆ ಮುಂದೆ ನೋಡುತ್ತ ಬಿಸಿಲಲ್ಲಿ ಕುಳಿತಿದ್ದಾರೆ.

"ಅರ್ಧ ಗಂಟೆ ಮಾತಾಡಬೇಡಿ ಅಂದಿದೀನಿ. ನೋಡಿ, ಆಡ್ತಿಲ್ಲ."